ಶಮಶುದ್ದೀನ ಮಾಸ್ತರರ ಅರ್ಧ ಮಾತು

ಗಂಟೆ ಬಾರಿಸಿತೆಂದರೆ ಶಮಶುದ್ದೀನ ಮಾಸ್ತರರ ಬಾಯಿಗೆ ಬೀಗ ಬಿದ್ದಂತೆಯೇ. ವಾಕ್ಯ ಎಲ್ಲಿಗೆ ಬಂದಿದೆಯೋ ಅಲ್ಲಿಗೇ ಮುಕ್ಕಾಮು. ಕರ್ತೃಪದ ಇಂದು, ಕ್ರಿಯಾಪದ ನಾಳೆ! "ಇನ್ನೊಬ್ಬ ಮಾಸ್ತರನ ತಾಸು ತಿನ್ನೂದು ಹರಾಮ" ಎನ್ನುತ್ತ, ಕರಿಯ ಕೋಟಿನ ಸೀಮೆಸುಣ್ಣದ ಪುಡಿ ಕೊಡವಿ, ಎಡಗಾಲು ತುಸು ಎಳೆಯುತ್ತ ಹೊರಟೇಬಿಡುವರು. ಎಪ್ಪತ್ತರ ದಶಕದಲ್ಲಿ ನಾಲತವಾಡದಲ್ಲಿ ಅವರ ಕೈಯಲ್ಲಿ ವಿಜ್ಞಾನ ಕಲಿತವರಿಗೆ ಆ ನಡಿಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಇಂಥ ಹಟಮಾರಿ ಮನುಷ್ಯ, ದಸರೆಯ ಸೂಟಿ ಬಿಡುವ ದಿನವೇ ಆಕಾಶದ ಪಾಠ ಎತ್ತಿಕೊಳ್ಳಬೇಕೆ? ನಕ್ಷತ್ರಗಳ ನಡುವೆ ಧೂಳು, ಅನಿಲಗಳ ಅಗಾಧ ಮೋಡಗಳಿವೆ. ಸೂರ್ಯನು ಸಪರಿವಾರನಾಗಿ ಸಂಚರಿಸುತ್ತ ಅಂಥದೊಂದನ್ನು ಹೊಕ್ಕರೆ ಬಿಸಿಲು ಮಂಕಾಗಿ ಭೂಮಿಗೆ ಹಿಮಯುಗವೇ ಒದಗಬಹುದೆಂದು ವಿಜ್ಞಾನಿಗಳು ಊಹಿಸುತ್ತಿದ್ದಾರೆ ಎಂದು ವಿವರಿಸಿದರು. "ರಾಶಿ ತೂರುವಾಗ ಹೊಟ್ಟಿನ ಆಚಿ ಸೂರ್ಯ ಹೆಂಗ ಕಾಣ್ತಾನ, ಹಂಗ. ಆದ್ರ ಇದು ಆಗೂದು..."

ಗಂಟೆ! ಮಾಸ್ತರರು ಸಿಂದಗಿಯ ತಂಗಿಯ ಮನೆಗೆ ಬಸ್ಸು ಹತ್ತಿದರು. ಸೂರ್ಯ ಇನ್ನೇನು ಮಂಕಾಗುತ್ತಾನಂತೆ ಎಂದು ಅರ್ಧ ಮಾತು ಮಕ್ಕಳ ಬಾಯಲ್ಲಿ ಊರು ಹೊಕ್ಕಿತು.

ಊರು ನಕ್ಕು ಹಿಂಗಾರಿ ಜೋಳ ಬಿತ್ತಿತು. ನಂಬಿದವಳು ರೇವವ್ವ ಒಬ್ಬಳೇ. ಗಂಡನಿಲ್ಲದ ಆಕೆ, ಮಗಳು ಶಂಕ್ರೆವ್ವನನ್ನು ಹೈಸ್ಕೂಲಿಗೆ ಹಾಕಿದ್ದೂ ಮಾಸ್ತರರ ಮಾತಿನ ಮೇಲೆಯೇ. ಬಿಸಿಲಿಲ್ಲದ ವರ್ಷ ಬಿತ್ತಿ ಬೀಜ ಕೆಡಿಸುವುದೇಕೆಂದು, ಬೀಜದ ಜೋಳಕ್ಕೆ ಬೂದಿ ಬೆರೆಸಿ, ಬೇವಿನೆಲೆ ಹಾಕಿ, ಗಡಿಗೆಯ ಬಾಯಿಗೆ ಸಗಣಿ ಮೆತ್ತಿ, ಸೂರ್ಯ ತಿರುಗಿ ಬರುವ ತನಕ ಇರಲೆಂದು ಎತ್ತಿಟ್ಟಳು.

ಸೂಟಿ ಮುಗಿಸಿ ಬಸ್ಸಿಳಿದ ಮಾಸ್ತರರಿಗೆ ಚಹಾದಂಗಡಿಯ ಗುಡುಸಾಬ ನಗುತ್ತ ಇದನ್ನೆಲ್ಲ ಹೇಳಿದ. ಮಾಸ್ತರರು ನಗಲಿಲ್ಲ. ಎರೆಭೂಮಿಯ ಹಸಿ ಆರುವುದರೊಳಗೆ ಬಿತ್ತದಿದ್ದರೆ ತಾಯಿಮಗಳಿಗೆ ವರ್ಷದ ರೊಟ್ಟಿಯಿಲ್ಲ, ಹುಡುಗಿಯ ಸಾಲೆಯೂ ಅಲ್ಲಿಗೆ ಮುಗಿಯಿತು. ಮನೆಗೂ ಹೋಗದೆ ರೇವವ್ವನ ಬಾಗಿಲಿಗೆ ನಡೆದರು.

"ಅದು ಲಕ್ಷಗಟ್ಟಲೆ ವರ್ಷದ ಮಾತು ರೇವಕ್ಕ. ಹೇಳೂದು ಉಳಿದಿತ್ತು, ತಪ್ಪಾತು ನಂದು."

"ನೀವು ಸುಳ್ಳ ಹೇಳಂಗಿಲ್ಲಂತ ನಂಬಿದ್ದೆರಿ, ಮಾಸ್ತರ್ರ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದರು, ಈ ಮಾತಿಗೆ ಅವರ ಕಣ್ಣು ತುಂಬಿದವು. ಅಂದೇ ನೆರೆಯವರ ಎತ್ತು, ಬಿತ್ತುವ ಕೂರಿಗೆ ಬೇಡಿ ತಂದು, ಜನ್ಮದಲ್ಲಿ ಹಿಡಿಯದ ಹಗ್ಗ ಹಿಡಿದರು. ರೇವವ್ವ ಗಡಿಗೆಯ ಬಾಯಿ ಬಿಚ್ಚಿ ಬೀಜ ಬಿಡುತ್ತ ಹಿಂದೆ ನಡೆದಳು. ಸಾಲುಗಳೋ, ಹಾವು ಹರಿದಂತೆ!

ಹೊಲದ ಬದುವಿನಲ್ಲಿ ನೀರು ಕುಡಿಯುತ್ತ ಆಕೆ ಕೇಳಿದಳು: "ಅಷ್ಟು ವರ್ಷ ಗಡಿಗ್ಯಾಗ ಬೀಜ ತಡೀತಾವೇನ್ರಿ?"

"ತಡಿಯಂಗಿಲ್ಲವ್ವ."

"ಹಂಗಾದ್ರ ವರ್ಷಾ ಬಿತ್ತಕೊಂತನ ಹೋಗಬೇಕು ಬಿಡ್ರಿ. ಆವಾಗಿನ ಮಂದಿಗೂ ಬೀಜ ಬೇಕಲ್ಲ."

ಮಾಸ್ತರರು ಎದ್ದು ಮತ್ತೆ ಎತ್ತಿನ ಹಗ್ಗ ಹಿಡಿದರು.

ತೆನೆ ಸಣ್ಣವಾದರೂ ಆ ವರ್ಷ ರೊಟ್ಟಿಗೆ ಕೊರತೆಯಾಗಲಿಲ್ಲ. ಶಂಕ್ರೆವ್ವ ಸಾಲೆ ಬಿಡಲಿಲ್ಲ. ತಿಳಿದದ್ದನ್ನು ಹೇಳುವವರು ಎಲ್ಲ ಕಾಲಕ್ಕೂ ಸಿಗುತ್ತಾರೆ. ಹೇಳಿದ ಮಾತು ಯಾರ ಮನೆಯ ಒಲೆಯವರೆಗೆ ಹೋಗಿ ಮುಟ್ಟಿತೆಂದು ಬಿಸಿಲಲ್ಲಿ ನಡೆದುಹೋಗಿ ನೋಡುವ ಮಾಸ್ತರರೂ ಒಂದು ಕಾಲಕ್ಕೆ ಇದ್ದರು. ಅವರು ಹಾಗೆ ಬರುತ್ತಾರೆಂಬ ಭರವಸೆಯಿಂದಲೇ ಜನ ಅವರನ್ನು ನಂಬುತ್ತಿದ್ದರು.