ನಕ್ಷತ್ರದ ಸಂದು

ಕಾರಂಜಿಯ ಫಲಕದ ನಡುವಿನ ನಕ್ಷತ್ರವನ್ನು ಕಡಿಯುವ ಕೆಲಸ ಬೂಷ್ತಾನ ಪಾಲಾಯಿತೆಂದು ತಿಳಿದ ದಿನ ಥಾಮಿಗೆ ಪುದೀನ ಚಹಾ ಕೂಡ ಕಹಿಯಾಯಿತು. ಫೆಸ್ ಊರಿನ ಆ ಕಾರ್ಖಾನೆಯಲ್ಲಿ ನೆಲಕ್ಕೆ ಕೂತು, ಭಾರದ ಸುತ್ತಿಗೆಯಿಂದ ಬಣ್ಣ ಹಚ್ಚಿ ಸುಟ್ಟ ಮಣ್ಣಿನ ಬಿಲ್ಲೆ ಕಡಿಯುತ್ತ ಅವನು ಹದಿನೆಂಟು ವರ್ಷ ಸವೆಸಿದ್ದ. ತ್ರಿಕೋನವಿರಲಿ, ವಜ್ರಾಕೃತಿಯಿರಲಿ, ಗಾಳಿಪಟವಿರಲಿ, ಅವನ ಕೈಯಲ್ಲಿ ಒಂದು ಮೊನೆಯೂ ಮುಕ್ಕಾದದ್ದಿಲ್ಲ. ಬೂಷ್ತಾ ನಿನ್ನೆ ಮೊನ್ನೆ ತೆತ್ವಾನದಿಂದ ಬಂದವನು. ಅಲ್ಲಿನವರು ಬಿಲ್ಲೆಯನ್ನು ಹಸಿಮಣ್ಣಿನಲ್ಲೇ ಕತ್ತರಿಸಿ ಆಮೇಲೆ ಸುಡುತ್ತಾರೆ. ಫೆಸ್‌ನವರು ಅದನ್ನು ಕೆಲಸವೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

"ರೊಟ್ಟಿ ಕುಯ್ಯೋ ಕೈಗೆ ನಕ್ಷತ್ರ ಕೊಟ್ರಾ ಮಾಲೆಮ್?" ಎಂದು ಥಾಮಿ ಗುರು ಸಿ ಅಲ್ಲಾಲ್‌ನನ್ನು ಕೇಳಿಯೇಬಿಟ್ಟ.

ಮುದುಕ ನಕ್ಕು, ನಕ್ಷತ್ರದ ಮೊನೆಗಳ ಸಂದು ತುಂಬುವ ಹದಿನಾರು ಗಾಳಿಪಟಗಳು ನಿನ್ನವು, ಹೋಗಿ ಕಡಿ ಎಂದ. ಅವನ ಕಣ್ಣು ಮಂಜಾಗಿತ್ತು. ಮಸೀದಿಯ ಈ ಕಾರಂಜಿಯೇ ತನ್ನ ಕೊನೆಯ ಕೆಲಸ, ಮುಂದೆ ಜೋಡಿಸುವ ಜಾಗದಲ್ಲಿ ಬೇರೆಯವರು ಕೂರುತ್ತಾರೆ ಎಂದು ಅವನೇ ಹೇಳಿಯಾಗಿತ್ತು. ಜೋಡಿಸುವವನೇ ಮಾಲೆಮ್, ಎಲ್ಲರ ಮೇಲಿನ ಗುರು. ನಕ್ಷತ್ರ ಯಾರದೋ, ಆ ಜಾಗವೂ ಅವರದೇ ಎಂದು ಥಾಮಿ ತನಗೆ ತಾನೇ ತೀರ್ಮಾನ ಮಾಡಿಕೊಂಡ. ಹೊಟ್ಟೆಕಿಚ್ಚಿಗೆ ಸಾಕ್ಷಿ ಬೇಕೇ?

ಬೂಷ್ತಾನ ನಕ್ಷತ್ರ ನೋಡಿದ ಮೇಲಂತೂ ಅವನಿಗೆ ನಿದ್ದೆಯೇ ಹತ್ತಲಿಲ್ಲ. ಕಪ್ಪು ಬಿಲ್ಲೆ, ಹದಿನಾರು ಮೊನೆ, ಒಂದೂ ಚಕ್ಕೆ ಎದ್ದಿಲ್ಲ. ಕಡಿದವನಾದರೋ ಆಲಿವ್ ಮೆಲ್ಲುತ್ತ, ಥಾಮಿ ಅಣ್ಣ ನೋಡಿ ಹೇಳಬೇಕು ಎಂದು ನಗುತ್ತ ನಿಂತಿದ್ದ. ಆ ನಗುವೇ ಥಾಮಿಯನ್ನು ಸುಟ್ಟಿತು.

ಎರಡು ಮೊನೆಗಳ ನಡುವಿನ ಸಂದು ಮೊನೆಗಿಂತ ತುಸು ಅಗಲವಾಗಿರುತ್ತದೆ. ಅದರೊಳಗೆ ಕೂರುವ ಗಾಳಿಪಟದ ತುದಿಯೂ ಅಷ್ಟೇ ಅಗಲವಿರಬೇಕು. ಥಾಮಿ ಆ ತುದಿಯನ್ನು ಕೂದಲೆಳೆಯಷ್ಟು ಹೆಚ್ಚು ಚೂಪು ಮಾಡಿದ. ಬಿಲ್ಲೆಗಳನ್ನು ಬಣ್ಣದ ಮುಖ ಕೆಳಗೆ ಮಾಡಿ ಬೋರಲಾಗಿ ಜೋಡಿಸುತ್ತಾರೆ. ಬೆನ್ನನ್ನು ಮೊದಲೇ ಓರೆಯಾಗಿ ಸವರಿರುವುದರಿಂದ ಮೇಲಿನಿಂದ ಎಲ್ಲ ಸಂದೂ ಒಂದೇ ಥರ. ಬೆನ್ನ ಮೇಲೆ ಸುರಿದ ಗಾರೆ ಒಣಗಿ ಫಲಕ ತಿರುಗಿಸಿದಾಗ ನಕ್ಷತ್ರದ ಸುತ್ತ ಬಿಳಿ ಗೆರೆ ಕಾಣುತ್ತದೆ, ಬೈಗುಳ ನಕ್ಷತ್ರ ಕಡಿದವನಿಗೆ ಬೀಳುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಫಲಕ ತಿರುಗಿಸಿದರು. ಬಿಳಿ ಗೆರೆ ಎದ್ದು ಕಂಡಿತು. ಬೂಷ್ತಾನ ಮುಖ ಬಾಡಿತು, ಥಾಮಿಯ ಎದೆ ತಣ್ಣಗಾಯಿತು. ಸಿ ಅಲ್ಲಾಲ್ ಬಗ್ಗಿ, ಗೆರೆಯ ಮೇಲೆ ಉಗುರು ಆಡಿಸುತ್ತ ಸುತ್ತಲೂ ಬಂದ.

"ನಕ್ಷತ್ರ ಸರಿಯಾಗೇ ಇದೆ," ಎಂದ. "ಗಾಳಿಪಟ ಚೂಪಾಗಿದೆ. ತಪ್ಪು ಅನ್ನೋದು ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಇರುತ್ತೆ ಥಾಮಿ. ಹದಿನಾರೂ ಒಂದೇ ಅಳತೆಯಲ್ಲಿ ತಪ್ಪೋಕೆ ನಿನ್ನಂಥ ಕೈಯೇ ಬೇಕು."

ಸಿ ಅಲ್ಲಾಲ್ ಉಗುರನ್ನು ಗೆರೆಯ ಮೇಲೆಯೇ ಇಟ್ಟು ಮುಂದುವರಿಸಿದ.

"ನಕ್ಷತ್ರ ಕಡಿಯೋನು ತನ್ನ ಮೊನೆ ನೋಡಿಕೊಂಡರೆ ಸಾಕು. ಇನ್ನೊಬ್ಬನ ಮೊನೆಗೆ ಜಾಗ ಬಿಟ್ಟು ಕಡಿಯೋನು ಜೋಡಿಸಬಲ್ಲ ಅಂತ ನಿನಗೆ ಇವನ್ನ ಕೊಟ್ಟಿದ್ದೆ. ನನ್ನ ಜಾಗ ನಿನಗೆ ಅಂದುಕೊಂಡಿದ್ದೆ."

ಸುತ್ತಿಗೆ ಹಳೆಯದಾಗಿದೆ ಮಾಲೆಮ್, ಅಣ್ಣಂದು ತಪ್ಪಿರಲಾರದು ಎಂದು ಬೂಷ್ತಾ ಮೆಲ್ಲಗೆ ನಡುವೆ ಬಂದ. ಥಾಮಿಗೆ ಅದಂತೂ ಸಹಿಸಲಾಗಲಿಲ್ಲ. ಅವನ ಜಾಗದಲ್ಲಿ ತಾನಿದ್ದಿದ್ದರೆ ಅಂಥ ಮಾತು ತನ್ನ ಬಾಯಲ್ಲಿ ಬರುತ್ತಿರಲಿಲ್ಲ ಎಂದು ಗೊತ್ತಿತ್ತು, ಅದಕ್ಕೂ ಅವನ ಮೇಲೆ ಹೊಟ್ಟೆ ಉರಿಯಿತು.

ಮುದುಕ ಸೊಂಟ ನೆಟ್ಟಗೆ ಮಾಡಿಕೊಂಡ. ಫಲಕ ಒಡೆಯಿರಿ, ಗಾಳಿಪಟಗಳನ್ನು ಥಾಮಿ ಮತ್ತೆ ಕಡಿಯಲಿ, ಜೋಡಿಸುವುದು ಬೂಷ್ತಾ ಎಂದು ಹೇಳಿ ಒಳಗೆ ಹೋದ.

ಈ ಸಲ ಥಾಮಿ ಪ್ರಾಣ ಇಟ್ಟು ಕಡಿದ. ಜೋಡಿಸುವ ಜಾಗದಲ್ಲಿ ಕೂತ ಬೂಷ್ತಾ ಒಂದೊಂದನ್ನೇ ಎರಡೂ ಕೈಯಿಂದ ತೆಗೆದುಕೊಂಡು, ನಿಮ್ಮ ಕೈಗೆ ಒಳ್ಳೆಯದಾಗಲಿ ಅಣ್ಣ ಎಂದ. ಆಮೇಲೆ, ಥಾಮಿ ನೋಡುತ್ತಿದ್ದಾನೆಂದು ಮುಜುಗರಪಡುತ್ತಲೇ, ಒಂದೊಂದರ ತುದಿಯನ್ನೂ ನಕ್ಷತ್ರದ ಸಂದಿಗೆ ಹಿಡಿದು ಪರೀಕ್ಷಿಸಿ, ಆಮೇಲೆ ಬೋರಲು ಹಾಕಿದ.