ಸುಟ್ಟ ಕೈಯ ಅಧ್ಯಾಯ

ಪ್ರದರ್ಶನದ ಕೊನೆಯ ದಿನ ಚಿಕ್ಕಮ್ಮ ಬಂದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ನೆಟ್ಟಗೆ ಕಲಾಶಾಲೆಗೇ ಬಂದಿದ್ದಳು. ಇಪ್ಪತ್ತೆರಡು ವರ್ಷ ಇಸ್ತ್ರಿ ಯಂತ್ರದ ಬಿಸಿ ರೋಲರಿಗೆ ಹೊದಿಕೆಗಳನ್ನು ಉಣಿಸಿದವಳು. ಗೋಡೆಯ ಮೇಲಿನ ಹನ್ನೆರಡು ಮುದ್ರಣಗಳಲ್ಲೂ ಅವಳೇ.

ಅವನ್ನು ಸತುವಿನ ತಗಡಿನಲ್ಲಿ ಕೊರೆದು ಅಚ್ಚು ಒತ್ತಿದ ಕಲಾವಿದೆ ಬಾಗಿಲ ಬಳಿ ನಿಂತಿದ್ದಳು. ಸ್ನಾತಕೋತ್ತರ ಪದವಿ ಮುಗಿದಿತ್ತು. ಮೊದಲ ಸ್ಥಾನ, ಅದರ ಬೆನ್ನಿಗೇ ಅದೇ ವಿಭಾಗದಲ್ಲಿ ಉಪನ್ಯಾಸಕಿಯ ಹುದ್ದೆ. ಸಹಿಯೊಂದೇ ಬಾಕಿ.

ಸುಟ್ಟ ಅಂಗೈಯ ಚಿತ್ರದ ಮುಂದೆ ಚಿಕ್ಕಮ್ಮ ತನ್ನ ಎಡಗೈಯನ್ನು ಬಿಚ್ಚಿ ಹಿಡಿದಳು.

"ಏನೇ ಇದು? ನನ್ನ ಗಾಯಕ್ಕೆ ಈ ಕೈಯಿಂದ ಆ ಕೈಗೆ ಯಾವಾಗ ವರ್ಗ ಆಯ್ತು?"

ಕಲಾವಿದೆಗೆ ಆಗಲೇ ಹೊಳೆದದ್ದು. "ಅಚ್ಚು ಒತ್ತಿದ್ರೆ ಚಿತ್ರ ತಿರುಗಿಬಿಡತ್ತೆ ಚಿಕ್ಕಮ್ಮ. ತಗಡಿನ ಮೇಲೆ ಉಲ್ಟಾ ಬರೀಬೇಕಿತ್ತು. ಮರೆತೆ."

"ಹೋಗ್ಲಿ ಬಿಡು, ಕನ್ನಡೀಲೂ ಹಂಗೇ ಕಾಣ್ತೀನಿ. ಪುಸ್ತಕದಲ್ಲಾದ್ರೂ ನೆಟ್ಟಗೆ ಬರೆದಿದೀಯ ತಾನೆ?"

ಬರೆದಿರಲಿಲ್ಲ. ಪ್ರಬಂಧದ ಮೂರನೆಯ ಅಧ್ಯಾಯವನ್ನು ಅವಳು ಎದುರಿಗೆ ತೂಗುಹಾಕಿದ್ದ ಮುದ್ರಣ ನೋಡಿಕೊಂಡು ಬರೆದಿದ್ದಳು, ಚಿಕ್ಕಮ್ಮನನ್ನು ನೋಡಿಕೊಂಡಲ್ಲ. ಬಲಗೈ ದುಡಿಮೆಯ ಕೈ, ಅಧಿಕಾರ ಮೊದಲು ಸುಡುವುದು ಅದನ್ನೇ, ಹೀಗೆ ಹದಿಮೂರು ಪುಟ. ಪರೀಕ್ಷಕರು ತಲೆದೂಗಿದ್ದೇ ಆ ಪುಟಗಳಿಗೆ. ಈಗ ಅದನ್ನು ಓದಿ ಹೇಳುವಾಗ ಅವಳ ದನಿ ಯಾರದೋ ದನಿಯಂತೆ ಕೇಳಿಸಿತು.

ಚಿಕ್ಕಮ್ಮ ಮೊದಲು ನಕ್ಕಳು. "ಅಯ್ಯೋ ಪುಣ್ಯಾತ್ಗಿತ್ತಿ, ನಾನು ಎಡಚಿ ಕಣೇ! ನಿನ್ನ ಜಡೆ ಹಾಕಿದ್ದೂ ಇದೇ ಕೈ." ಆಮೇಲೆ ನಗು ನಿಂತಿತು. "ಮಿಷನ್ ನಿಲ್ಲಿಸೋ ಹಿಡಿ ಎಡಗಡೆ ಇದೆ. ಬಲಗೈಲಿ ಬಟ್ಟೆ ಕೊಡೋರಿಗೆ ಅಂತ ಮಾಡಿದ್ದು. ನನ್ನ ಎಡಗೈ ಒಳಗೆ ಸಿಕ್ತು, ಬಲಗೈ ಅಲ್ಲೀವರೆಗೂ ಎಟುಕ್ಲಿಲ್ಲ. ಸುಟ್ಟಿದ್ದು ಬಲಗೈ ಅಂದ್ರೆ ಎಡಗೈಲಿ ನಿಲ್ಲಿಸ್ಬಹುದಿತ್ತಲ್ಲ? ಸೂಪರ್‌ವೈಸರ್ ಅಜಾಗರೂಕತೆ ಅಂತ ಬರ್ಕೊಂಡ. ನೀನೂ ಅದನ್ನೇ ಬರ್ದ್ಯಲ್ಲೇ, ಒಳ್ಳೆ ಭಾಷೇಲಿ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟಳು.

ಮಾರ್ಗದರ್ಶಕರ ಕೋಣೆಯಲ್ಲಿ ಕಿಟಕಿಯವರೆಗೂ ಪುಸ್ತಕ. ಅವರು ಕೇಳಿಸಿಕೊಂಡು ಕನ್ನಡಕ ಒರೆಸಿದರು.

"ಎಡ ಬಲ ಯಾರಮ್ಮ ನೋಡ್ತಾರೆ? ತಪ್ಪಾಯ್ತು ಅಂತ ಬರೆದು ಕೊಟ್ರೆ ಪದವಿಯೇನೋ ಉಳಿಯತ್ತೆ, ಮೊದಲ ಸ್ಥಾನ ಹೋಗತ್ತೆ. ಅದ್ರ ಜೊತೆ ಕೆಲಸಾನೂ. ಈ ತಿರುಗುಮುರುಗು ಬೇಕಂತಲೇ ಮಾಡಿದ್ದು ಅಂತ ಒಂದು ಅಡಿಟಿಪ್ಪಣಿ ಹಾಕು. ವಾದ ಇನ್ನೂ ಗಟ್ಟಿಯಾಗತ್ತೆ."

ಅವರು ಮಾತು ಮುಗಿಸುವ ಮೊದಲೇ ಆ ಅಡಿಟಿಪ್ಪಣಿ ಅವಳ ತಲೆಯಲ್ಲಿ ತಯಾರಾಗಿತ್ತು, ಅಲ್ಪವಿರಾಮಗಳ ಸಮೇತ. ಎರಡು ವರ್ಷದಲ್ಲಿ ಕಲಿತದ್ದು ಇದನ್ನೇ ಎಂದು ಅವಳು ಹೆಮ್ಮೆಯಿಲ್ಲದೆ, ಬೇಸರವೂ ಇಲ್ಲದೆ ಯೋಚಿಸಿದಳು. ಕೊರೆಯುವುದು ಮೊದಲೇ ಬರುತ್ತಿತ್ತು. ಇಲ್ಲಿ ಕಲಿತದ್ದು, ಬೆಂದವರ ಚರ್ಮವನ್ನು ಬೇಯದವರು ಮೆಚ್ಚುವ ಹಾಗೆ ಮಡಚಿಡುವುದು. ಈ ಕೆಲಸಕ್ಕೆ ಸೇರಿದರೆ ಅದನ್ನೇ ಪ್ರತಿ ವರ್ಷ ಇಪ್ಪತ್ತು ಜನಕ್ಕೆ ಕಲಿಸಬೇಕು. ಅವಳು ಚೆನ್ನಾಗಿಯೇ ಕಲಿಸುತ್ತಾಳೆ, ಅದರಲ್ಲಿ ಅನುಮಾನವೇ ಇಲ್ಲ.

"ಒಂದು ಹಾಳೆ ಕೊಡಿ ಸರ್."

ನಾಲ್ಕು ಸಾಲು ಬರೆದಳು. ಸುಟ್ಟದ್ದು ಎಡಗೈ. ಹಿಡಿ ಇದ್ದದ್ದು ಎಡಗಡೆ. ಮೂರನೆಯ ಅಧ್ಯಾಯ ಸುಳ್ಳು. ಹುದ್ದೆ ಬೇಡ.

"ದುಡುಕಬೇಡ," ಎಂದರು ಅವರು. ಆದರೂ ಹಾಳೆಯನ್ನು ಎಳೆದುಕೊಂಡರು.

ಮಾರನೆಯ ಬೆಳಿಗ್ಗೆ ಲಾಂಡ್ರಿಯ ಹಿಂಬಾಗಿಲಿನಿಂದ ಚಿಕ್ಕಮ್ಮ ಅವಳನ್ನು ಒಳಗೆ ಬಿಟ್ಟುಕೊಂಡಳು. ಚಹಾ ವಿರಾಮ, ರೋಲರು ನಿಂತಿತ್ತು. ಕಾರ್ಮಿಕ ಸಂಘದವರು ಹಿಡಿಯ ಬಗ್ಗೆ ಮತ್ತೊಮ್ಮೆ ದೂರು ಕೊಡುವುದಿತ್ತು, ಜೊತೆಗೊಂದು ಚಿತ್ರ ಬೇಕಿತ್ತು.

"ನನ್ನ ಮುಖ ಬೇಡ," ಎಂದಳು ಚಿಕ್ಕಮ್ಮ. "ನೋಡಿದೋರು ಅಯ್ಯೋ ಪಾಪ ಅಂದು ಸುಮ್ನಾಗ್ತಾರೆ. ಹಿಡಿ ಎಷ್ಟು ದೂರ ಇದೆ, ಅಷ್ಟು ಬರಿ."

ಎಡಗೈಯನ್ನು ರೋಲರಿನ ಅಂಚಿಗೆ ಇಟ್ಟು, ಬಲಗೈಯನ್ನು ಎದೆಯ ಮೇಲಿಂದ ಹಾಯಿಸಿ ಆದಷ್ಟೂ ಚಾಚಿದಳು. ಕಲಾವಿದೆ ಟೇಪು ಹಿಡಿದಳು. ಬೆರಳ ತುದಿಗೂ ಹಿಡಿಗೂ ನಡುವೆ ಒಂದು ಗೇಣು ಉಳಿಯಿತು.