ಕೇದಗೆ ಹಿಡಿದ ಕೈ

ಗಂಡನ ತಿಥಿ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಅತ್ತೆ ಉಡಚಮ್ಮ ಬೀಗದ ಕೈ ನನ್ನ ಮುಂದಿಟ್ಟರು. "ಬಾಡಿಗೆ ಮಳಿಗೆ. ಖಾಲಿ ಮಾಡಾಕೆ ನೀನೇ ಹೋಗು, ಓದಿದೋಳು."

ಹೊನ್ನಾಳಿ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಗಂಡ ಓಂಕಾರಪ್ಪನವರ ಫೋಟೋ ಸ್ಟುಡಿಯೋ. ಬೀಗ ತೆಗೆಯುವಾಗ ಪಕ್ಕದ ಚಹಾದಂಗಡಿಯ ತಿಪ್ಪೇಶಪ್ಪ ಲೋಟ ತೊಳೆಯುತ್ತಲೇ ಹೇಳಿದ:

"ಸೋಮವಾರ ಬಂತಂದ್ರೆ ಒಳಗಿಂದ ಚಿಲಕ ಹಾಕ್ಕೊಂಡಿರೋರು ಕಣವ್ವ. ಕೇದಗೆ ವಾಸನೆ ನನ್ನ ಚಹಾಕ್ಕೂ ಹತ್ತೋದು. ನಾವ್ಯಾಕೆ ಕೇಳಾನ ಬಿಡ್ರಿ."

"ಯಾರು ಬರ್ತಿದ್ರು?"

"ಬರೋದು ನೋಡಿಲ್ಲ. ಹೋಗೋದೂ ನೋಡಿಲ್ಲ. ಅದೇ ಸೋಜಿಗ."

ಒಳಗೆ, ಮೊಗ್ಗಿನ ಜಡೆಯ ಹುಡುಗಿಯರ ಬೆನ್ನಿಗೆ ನಿಲ್ಲಿಸುವ ದೊಡ್ಡ ಕನ್ನಡಿ. ಪರದೆಯ ಹಿಂದೆ ಜಡೆಗೆ ಸೇರಿಸುವ ಚೌರಿಯೊಂದು ತೂಗುತ್ತಿತ್ತು. ಅದರಲ್ಲಿ ಒಣಗಿದ ಕೇದಗೆ ಗರಿ. ನನ್ನದಲ್ಲ. ನನ್ನ ಕೂದಲು ಸೊಂಟದ ಕೆಳಗಿದೆ.

ಡ್ರಾಯರಿನಲ್ಲಿ ಒಂದು ಫೋಟೋ. ಕುಳಿತ ಹೆಂಗಸು. ಮುಖಕ್ಕೆ ಕೇದಗೆಯ ಮರೆ. ಕನ್ನಡಿಯಲ್ಲಿ ಉದ್ದ ಜಡೆ. ಉಟ್ಟದ್ದು ನನ್ನ ಮದುವೆ ಸೀರೆ. ಅಂಚು ನೋಡಿಯೇ ಗುರುತಾಯಿತು. ನನ್ನ ಸೀರೆಯನ್ನು ಯಾರಿಗೆ ಉಡಿಸಿದ್ದರು? ತಿಥಿಗೆ ಬಂದು ಅತ್ತ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ನೆನೆದೆ. ಯಾರು ಹೆಚ್ಚು ಅತ್ತಿದ್ದರು?

ಆಮೇಲೆ ಕೇದಗೆ ಹಿಡಿದ ಕೈ ನೋಡಿದೆ. ಫೋಟೋ ತೊಳೆಯುವ ಡೆವಲಪರ್ ತಗುಲಿ ಕಪ್ಪಿಟ್ಟ, ಅವರದೇ ಉಗುರುಗಳು. ಸೆರಗಿನ ಕೆಳಗಿನಿಂದ ಕ್ಯಾಮೆರಾದ ಕಡೆಗೆ, ಕೂತಲ್ಲಿಂದಲೇ ಬಟನ್ ಒತ್ತುವ ತಂತಿ ಹರಿದಿತ್ತು.

ಎಪ್ಪತ್ತೆಂಟರ ಶ್ರಾವಣದಲ್ಲಿ ಸಾಸ್ವೆಹಳ್ಳಿಯ ಹೊಳೆ ದಂಡೆಯಿಂದ ಕೇದಗೆ ತಂದಿದ್ದರು. ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿದ ಜಂಬದಲ್ಲಿ, ಹೆಂಗಸರು ಮುಡಿಯುವ ಈ ಹೂವು ಗಂಡು ಗಿಡದ್ದು ಎಂದಿದ್ದೆ. "ಇನ್ನೊಂದ್ಸಲ ಹೇಳು" ಎಂದಿದ್ದರು. ನಕ್ಕು ಒಳಗೆ ಹೋಗಿದ್ದೆ.

ಫೋಟೋ ಸೆರಗಿನೊಳಗೆ ಇಟ್ಟುಕೊಂಡೆ. ಚೌರಿಯ ಕೆಂಪು ಕುಚ್ಚು ಮದುಮಗಳಿಗೆ ಜಡೆ ಹೆಣೆಯುವ ಶಿವಗಂಗಮ್ಮನದು; ಊರಿಗೆಲ್ಲ ಗೊತ್ತು. ಆಕೆಗೆ ಏನೇನು ಗೊತ್ತಿದೆಯೋ. ಚೌರಿ ಹಿಡಿದು ಅವಳ ಮನೆಗೆ ಹೋದೆ.

"ನಮ್ಮನೆಯೋಳಿಗೆ ಮೊಗ್ಗಿನ ಜಡೆ ಫೋಟೋ ತೆಗೀಬೇಕು ಅಂತ ನಿಮ್ ಯಜಮಾನ್ರು ಇಸ್ಕೊಂಡಿದ್ರು ಕಣವ್ವ," ಎಂದಳು ಶಿವಗಂಗಮ್ಮ. ಅವಳ ಕಣ್ಣು ನನ್ನ ತುರುಬಿನ ಮೇಲೆ ನಿಂತಿತು. "ಇಷ್ಟು ಕೂದಲು ಇಟ್ಕೊಂಡು ಚೌರಿ ಯಾತಕ್ಕೆ ಬೇಕಿತ್ತು?"

"ಕನ್ನಡೀಲಿ ಇನ್ನೂ ಉದ್ದ ಕಾಣಲಿ ಅಂದ್ರು."

"ಹೆಂಗೆ ಬಂದೈತೆ?"

"ಚೆನ್ನಾಗಿ ಬಂದಿದೆ."

ಕೂದಲಲ್ಲಿ ಸಿಕ್ಕಿದ್ದ ಗರಿಯನ್ನು ಬಿಡಿಸಿಕೊಂಡು, ಚೌರಿಯನ್ನು ಅವಳ ಕೈಗಿಟ್ಟೆ.